ಆರು ತಿಂಗಳಲ್ಲಿ ಮರೆತುಹೋಗುವ ಭಾಷೆ

ಕಳೆದ ಶನಿವಾರ ಬೆಳಿಗ್ಗೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಚಿಕ್ಕಪ್ಪ ಒಂದು ಚಿತ್ರವನ್ನು ಕಳುಹಿಸಿದರು. "ಚೀನೀ ಭಾಷೆ ಕಲಿಯಲು 2200 ಗಂಟೆ ಬೇಕು. ಆರು ತಿಂಗಳು ಬಳಸದಿದ್ದರೆ ಒಂದಕ್ಷರವೂ ಉಳಿಯುವುದಿಲ್ಲ. ಸರ್ಕಾರವೇ ಈ ಭಾಷೆಯನ್ನು ನಿಷೇಧಿಸಿದೆ. ಪೋಷಕರೇ, ಎಚ್ಚರ" ಎಂದು ಅದರಲ್ಲಿ ದಪ್ಪ ಕೆಂಪು ಅಕ್ಷರಗಳಲ್ಲಿ ಬರೆದಿತ್ತು. ಅದರ ಕೆಳಗೆ ಚಿಕ್ಕಪ್ಪ ತಮ್ಮದೊಂದು ಸಾಲನ್ನು ಸೇರಿಸಿದ್ದರು: "ಸಂಬಂಧಪಟ್ಟವರು ಗಮನಿಸಬೇಕು."

ಸಂಬಂಧಪಟ್ಟವರು ಯಾರೆಂಬುದು ಗುಂಪಿನ ಎಲ್ಲರಿಗೂ ಗೊತ್ತಿತ್ತು. ಮೈಸೂರಿನಲ್ಲಿ ಪಿಯುಸಿ ಮುಗಿಸಿದ ದೊಡ್ಡಪ್ಪನ ಮೊಮ್ಮಗಳು, ಪದವಿಯ ಜೊತೆಗೆ ಚೀನೀ ಭಾಷೆಯ ತರಗತಿಗೂ ಸೇರುತ್ತೇನೆಂದು ಹಿಂದಿನ ವಾರವಷ್ಟೇ ಹೇಳಿದ್ದಳು. ಆ ಭಾಷೆಯನ್ನು ಕಲಿತವರು ನಮ್ಮಲ್ಲಿ ಈಗಾಗಲೇ ಇಬ್ಬರಿದ್ದೇವೆ. ಒಬ್ಬ ಚೀನಾದಲ್ಲಿ ಎಂಬಿಬಿಎಸ್ ಓದಿದ ನನ್ನ ತಮ್ಮ. ಇನ್ನೊಬ್ಬಳು ರೇಷ್ಮೆ ನೂಲು ಬಿಚ್ಚುವ ಯಂತ್ರಗಳ ವ್ಯವಹಾರದಲ್ಲಿ ಹಲವು ವರ್ಷ ದುಭಾಷಿಯಾಗಿ ದುಡಿದ ನಾನು. ಆದ್ದರಿಂದ ಆ ಚಿತ್ರ ಹುಡುಗಿಗೆ ಎಚ್ಚರಿಕೆಯಾಗಿದ್ದರೆ ನಮ್ಮಿಬ್ಬರಿಗೆ ತೀರ್ಪೇ ಆಗಿತ್ತು.

ಮೊದಲು ಉತ್ತರಿಸಿದವರು ಭಾವ. ಲೆಕ್ಕಪರಿಶೋಧಕರಾದ ಅವರು ಆಧಾರವಿಲ್ಲದ ಮಾತನ್ನು ಒಪ್ಪಿಕೊಳ್ಳುವವರಲ್ಲ. "ಮಾವ, ಇದರಲ್ಲಿ ಮೂರು ಹೇಳಿಕೆಗಳಿವೆ. ಮೂರಕ್ಕೂ ಆಧಾರವೇನು?" ಎಂದು ಕೇಳಿದರು. ಚಿಕ್ಕಪ್ಪನಿಗೆ ಅದು ಹಿಡಿಸಲಿಲ್ಲ. "ಅಜ್ಜಿಯ ತಿಥಿಯ ಖರ್ಚಿಗೂ ರಸೀದಿ ಕೇಳಿದ ಅಳಿಯಂದಿರು ನೀವು. ಹಿರಿಯರು ಒಂದು ಒಳ್ಳೆಯ ಮಾತು ಕಳುಹಿಸಿದರೆ ಅದಕ್ಕೂ ರಸೀದಿ ಬೇಕೇ?" ಎಂದು ಬರೆದರು. ಅಲ್ಲಿಂದ ಮುಂದೆ ಅರ್ಧ ಗಂಟೆ ಚರ್ಚೆ ನಡೆದದ್ದು ಆ ತಿಥಿಯ ಬಗ್ಗೆ.

ಭಾವ ಅಷ್ಟರಲ್ಲಿ ತಾವೇ ಹುಡುಕಿ ತಂದರು. 2200 ಗಂಟೆಯ ಲೆಕ್ಕ ಸುಳ್ಳಲ್ಲ. ಅದು ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆ ಇಂಗ್ಲಿಷ್ ಮಾತೃಭಾಷೆಯ ತನ್ನ ಅಧಿಕಾರಿಗಳಿಗೆ ಹಾಕಿಕೊಂಡ ಲೆಕ್ಕ: 88 ವಾರಗಳ ತರಗತಿ, ಗುರಿ ಕಚೇರಿಯ ಕೆಲಸಕ್ಕೆ ಸಾಲುವಷ್ಟು ಭಾಷೆ. ಜಪಾನೀ, ಕೊರಿಯನ್, ಅರಬ್ಬೀ ಭಾಷೆಗಳೂ ಅದೇ ಗುಂಪಿನಲ್ಲಿವೆ. ನಿಷೇಧವೆಂಬುದು ಸರಿಯಲ್ಲ, ರಾಷ್ಟ್ರೀಯ ಶಿಕ್ಷಣ ನೀತಿಯ 2019ರ ಕರಡಿನಲ್ಲಿ ವಿದೇಶಿ ಭಾಷೆಗಳ ಉದಾಹರಣೆಯಾಗಿ ಚೀನೀ ಇತ್ತು, 2020ರ ನೀತಿಯಲ್ಲಿ ಆ ಹೆಸರು ಇಲ್ಲ, ಅಷ್ಟೆ. ಆರು ತಿಂಗಳ ಮಾತಿಗೆ ಮಾತ್ರ ಅವರಿಗೆ ಯಾವ ಆಧಾರವೂ ಸಿಗಲಿಲ್ಲ. ಇಷ್ಟು ಶ್ರಮಪಟ್ಟು ಬರೆದ ಸಂದೇಶಕ್ಕೆ ಒಬ್ಬರೂ ಉತ್ತರ ಕೊಡಲಿಲ್ಲವೆಂಬುದು ನನಗೆ ಈಗಲೂ ಬೇಸರದ ಸಂಗತಿ.

ಹತ್ತೂವರೆಗೆ ದೊಡ್ಡಪ್ಪ ಬಂದರು. ಅವರು ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರಾಗಿ ನಿವೃತ್ತರಾದವರು. "ತಾಯ್ನುಡಿಯಲ್ಲಿ ಒಂದು ಪತ್ರವನ್ನು ತಪ್ಪಿಲ್ಲದೆ ಬರೆಯಲಾರದ ಪೀಳಿಗೆ ಪರದೇಶದ ನುಡಿಯನ್ನು ಬಾಳಿನುದ್ದಕ್ಕೂ ಉಳಿಸಿಕೊಳ್ಳುತ್ತದೆಂದು ನಾನು ನಂಬಲಾರೆ. ಮೊದಲು ಮನೆಯೊಳಗೆ ದೀಪ ಹಚ್ಚಿಕೊಳ್ಳಿ, ಅಂಗಳದ ವಿಚಾರ ಆಮೇಲಾಗಲಿ" ಎಂದು ಬರೆದರು. ಅದಕ್ಕೆ ಯಾರೋ, ಅಮೆರಿಕದಲ್ಲಿರುವ ಅವರ ಮೊಮ್ಮಗ ಅಜ್ಜನಿಗೆ ಇಂಗ್ಲಿಷಿನಲ್ಲಿಯೇ ಉತ್ತರ ಕೊಡುತ್ತಾನೆಂಬುದನ್ನು ನೆನಪಿಸಿದರು. ಆ ಮಾತನ್ನು ಆಡಬಾರದಾಗಿತ್ತು. ದೊಡ್ಡಪ್ಪ ಅಂದು ಮತ್ತೆ ಏನನ್ನೂ ಬರೆಯಲಿಲ್ಲ.

ಆದರೆ ದೊಡ್ಡಪ್ಪನಿಗೆ ನಾನು ಹೇಳಬೇಕಾದ ಒಂದು ವಿಷಯವಿತ್ತು, ಅದನ್ನು ಅಲ್ಲಿಯೇ ಬರೆದೆ. ನಮ್ಮ ಕಡೆಯ ಆಡುಮಾತಿನಲ್ಲಿ ಮಹಾಪ್ರಾಣ ಸಡಿಲ. ಭತ್ತ ಬತ್ತವಾಗುತ್ತದೆ, ಕಥೆ ಕತೆಯಾಗುತ್ತದೆ. ದೊಡ್ಡಪ್ಪ ಬೇಸಿಗೆ ರಜೆಯಲ್ಲಿ ನಮ್ಮನ್ನು ಸಾಲಾಗಿ ಕೂರಿಸಿ, ಬಾಯಿಯ ಮುಂದೆ ಕಾಗದದ ಚೂರೊಂದನ್ನು ಹಿಡಿಸಿ, ಪ ಎಂದರೆ ಅದು ಅಲುಗಬಾರದು, ಫ ಎಂದರೆ ಅಲುಗಬೇಕು ಎಂದು ಹೇಳಿಕೊಡುತ್ತಿದ್ದರು. ಬಹಳ ವರ್ಷಗಳ ಮೇಲೆ ನನ್ನ ಚೀನೀ ಅಧ್ಯಾಪಕಿ ಅದೇ ಕಾಗದದ ಚೂರನ್ನು ಹಿಡಿದು ಅದೇ ಪಾಠ ಮಾಡಿದರು. 1958ರಲ್ಲಿ ಜಾರಿಗೆ ಬಂದ ಪಿನ್‌ಯಿನ್ ಎಂಬ ರೋಮನ್ ಬರವಣಿಗೆಯಲ್ಲಿ ಬಿ ಎಂದು ಬರೆಯುವುದು ನಮ್ಮ ಪಕಾರ, ಪಿ ಎಂದು ಬರೆಯುವುದು ತುಟಿ ಮುಚ್ಚಿ ತೆರೆಯುವ ನಮ್ಮ ಫಕಾರ. ಡಿ ಮತ್ತು ಟಿ ಎಂಬವು ತ ಮತ್ತು ಥ. ಇಂಗ್ಲಿಷಿನ ಮೂಲಕ ಬಂದ ಸಹಪಾಠಿಗಳು ತಿಂಗಳುಗಟ್ಟಲೆ ತಡವರಿಸಿದ ಜಾಗವನ್ನು ನಾನು ಒಂದು ವಾರದಲ್ಲಿ ದಾಟಿದೆ. ವಾಕ್ಯದ ಕೊನೆಯಲ್ಲಿ ಮಾ ಸೇರಿಸಿದರೆ ಅದು ಪ್ರಶ್ನೆಯಾಗುತ್ತದೆ, ನಮ್ಮ "ಬಂದೆಯಾ", "ಉಂಡೆಯಾ" ಇದ್ದ ಹಾಗೆ. "ನಾನು ಕೊಂಡ ಪುಸ್ತಕ" ಎನ್ನುವಾಗ ವಿವರಣೆ ಮೊದಲು, ನಾಮಪದ ಆಮೇಲೆ, ಅವರಲ್ಲಿಯೂ ಹಾಗೆಯೇ. ಕ್ರಿಯಾಪದದ ನಂತರ ಕರ್ಮ ಬರುವುದು, ಅಕ್ಷರಗಳು, ಸ್ವರದ ಏರಿಳಿತ ಇವು ನಮಗೂ ಕಷ್ಟವೇ. ಆದರೂ ಅಮೆರಿಕದವರ 2200 ಗಂಟೆಯನ್ನು ಕನ್ನಡದ ಮಗುವಿನ ಮೇಲೆ ಹಾಗೆಯೇ ಹೊರಿಸುವುದು ನ್ಯಾಯವಲ್ಲ.

ಆಗ ಕುವೆಂಪುನಗರದ ಅತ್ತೆಯ ಮಗಳು, ಎಲ್ಲರೂ ಸೇರಿ, ಟಿಬೆಟ್ ಬಿಟ್ಟು ಬಂದವರು ನೆಲೆಸಿರುವ ಬೈಲುಕುಪ್ಪೆಗೆ ಹೋದ ದಿನವನ್ನು ನೆನಪು ಮಾಡಿಕೊಂಡಳು. ಹುಣಸೂರಿನ ದಾರಿಯಲ್ಲಿ ಬಸ್ಸು ಕೆಟ್ಟದ್ದು, ಥುಕ್ಪಾ ಎಂಬ ಬಿಸಿ ನೂಡಲ್ಸ್ ಸಾರು ಕುಡಿದದ್ದು, ಅಂಗಡಿಯ ಅಜ್ಜಿಯೊಂದಿಗೆ ನಾನು ಚೀನೀ ಮಾತನಾಡಿದ್ದು. ಅವಳ ನೆನಪಿನ ಕೊನೆಯ ಭಾಗ ತಪ್ಪು. ನಾನು ಅಂದು ಎರಡು ಮಾತನ್ನು ಚೀನೀ ಭಾಷೆಯಲ್ಲಿ ಆಡಲು ಹೋಗಿದ್ದು ನಿಜ, ಆ ಅಜ್ಜಿ ಮುಖ ತಿರುಗಿಸಿದ್ದೂ ನಿಜ. ಅವರದು ಟಿಬೆಟನ್, ಅದರ ಲಿಪಿ ಬ್ರಾಹ್ಮಿಯ ಕುಲದ್ದು, ನಮ್ಮ ಲಿಪಿಗೆ ದೂರದ ನೆಂಟ. ಯಾವ ಭಾಷೆಯನ್ನು ಯಾರ ಮುಂದೆ ಆಡಬೇಕೆಂಬ ತಿಳಿವಳಿಕೆ ನನಗೆ ಅಂದು ಇರಲಿಲ್ಲ, ಅದಕ್ಕಾಗಿ ಇಂದಿಗೂ ನಾಚಿಕೆಪಡುತ್ತೇನೆ. ಆದರೆ ಭಾಷೆ ಹೇಗೆ ಉಳಿಯುತ್ತದೆ ಎಂಬುದಕ್ಕೆ ಬೈಲುಕುಪ್ಪೆಗಿಂತ ಹತ್ತಿರದ ಸಾಕ್ಷಿ ಬೇರೆ ಇಲ್ಲ. 1960ರ ದಶಕದಲ್ಲಿ ಕಾಡು ಕಡಿದು ನೆಲೆ ನಿಂತವರ ಮೊಮ್ಮಕ್ಕಳು, ಪಿರಿಯಾಪಟ್ಟಣ ತಾಲ್ಲೂಕಿನಲ್ಲಿಯೇ ಹುಟ್ಟಿ ಬೆಳೆದವರು, ಇಂದಿಗೂ ಟಿಬೆಟನ್ ಆಡುತ್ತಾರೆ. ಅವರಿಗೆ ಅಡುಗೆಮನೆ, ಶಾಲೆ, ಮಠ ಮೂರು ಕಡೆಯಲ್ಲೂ ಆ ಮಾತಿಗೆ ಜಾಗವಿದೆ.

ಚಿಕ್ಕಪ್ಪ ಇದಕ್ಕೆ ಉತ್ತರ ಕೊಡದೆ ತಮ್ಮನ ಕಡೆಗೆ ತಿರುಗಿದರು. "ಮದ್ದೂರಿನ ತೋಟ ಮಾರಿ ಓದಿಸಿದೆವು. ಆ ಭಾಷೆ ಈಗ ಎಲ್ಲಿದೆ?" ತೋಟದ ಮಾತು ನಮ್ಮ ಮನೆಯಲ್ಲಿ ಎದ್ದರೆ ಎಲ್ಲರೂ ಸುಮ್ಮನಾಗುತ್ತಾರೆ. ತಮ್ಮ ಸುಮ್ಮನಾಗಲಿಲ್ಲ.

"ಚಿಕ್ಕಪ್ಪ, ತೋಟದ ಋಣ ನನ್ನ ಮೇಲಿದೆ. ಭಾಷೆ ಎಲ್ಲಿದೆ ಎಂದು ಕೇಳಿದಿರಿ, ಅದನ್ನು ಹೇಳುತ್ತೇನೆ. ವಾರ್ಡಿನಲ್ಲಿ ರೋಗಿಗಳ ಜೊತೆ ಮಾತನಾಡಬೇಕಾಗಿದ್ದರಿಂದ ಚೀನೀ ಭಾಷೆಯ ಎಚ್‌ಎಸ್‌ಕೆ ಪರೀಕ್ಷೆಯ ನಾಲ್ಕನೆಯ ಹಂತವನ್ನು ಮುಗಿಸಿದ್ದೆ. ಅದಕ್ಕೆ 1200 ಪದಗಳು ಬೇಕಿದ್ದವು. 2020ರ ಜನವರಿಯಲ್ಲಿ ರಜೆಗೆ ಬಂದವನು ಗಡಿ ಮುಚ್ಚಿದ್ದರಿಂದ ಮಂಡ್ಯದಲ್ಲಿಯೇ ಉಳಿದೆ, ಪಾಠಗಳನ್ನು ಫೋನಿನಲ್ಲಿ ಇಂಗ್ಲಿಷಿನಲ್ಲಿ ಕೇಳಿದೆ. ಮೊದಲು ಹೋದದ್ದು ಕೈಬರಹ. ಅದರ ಹಿಂದೆಯೇ ಮಾತು ಹೋಯಿತು. ಕೇಳಿಸಿಕೊಳ್ಳುವುದು ಇನ್ನೂ ಇದೆ. 'ಎಲ್ಲಿ ನೋವು', 'ಎಷ್ಟು ದಿನದಿಂದ' ಎಂಬೆರಡು ಪ್ರಶ್ನೆಗಳನ್ನು ನಿದ್ದೆಯಿಂದ ಎಬ್ಬಿಸಿದರೂ ಕೇಳಬಲ್ಲೆ, ಏಕೆಂದರೆ ಅವನ್ನು ದಿನಕ್ಕೆ ಐವತ್ತು ಸಲ ಕೇಳಿದ್ದೇನೆ."

ಕೈಬರಹ ಮೊದಲು ಹೋಗುವುದು ನಮ್ಮ ದೌರ್ಬಲ್ಯವಷ್ಟೇ ಅಲ್ಲ. ಚೀನಾದವರೇ ಫೋನಿನಲ್ಲಿ ಉಚ್ಚಾರಣೆಯನ್ನು ಒತ್ತಿ ಅಕ್ಷರವನ್ನು ಆರಿಸಿಕೊಳ್ಳುವುದಕ್ಕೆ ಒಗ್ಗಿ, ಕಾಗದದ ಮುಂದೆ ಕುಳಿತಾಗ ತಡಕಾಡುತ್ತಾರೆ. ಅದಕ್ಕೆ ಅವರಲ್ಲಿ "ಥಿ ಪಿ ವಾಂಗ್ ತ್ಸ್" ಎಂಬ ಮಾತೇ ಇದೆ, ಲೇಖನಿ ಎತ್ತಿದರೆ ಅಕ್ಷರ ಮರೆವು ಎಂದು. ಅಲ್ಲಿಯ ಸರ್ಕಾರ 2013ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 8105 ಅಕ್ಷರಗಳಿವೆ, ಅವುಗಳಲ್ಲಿ ಅತ್ಯವಶ್ಯಕವೆಂದು ಗುರುತಿಸಿದವೇ 3500. ಇಷ್ಟನ್ನೂ ಕೈಯಿಂದ ಬರೆಯುವ ಹಟ ಹಿಡಿದು, ಅದು ಆಗಲಿಲ್ಲವೆಂದು ಇಡೀ ಭಾಷೆಯನ್ನೇ ಬಿಟ್ಟವರನ್ನು ನಾನು ಕಂಡಿದ್ದೇನೆ. ಓದುವುದನ್ನು ಮತ್ತು ಆಡುವುದನ್ನು ಉಳಿಸಿಕೊಂಡು, ಕೈಬರಹಕ್ಕೆ ನೂರಿನ್ನೂರು ಅಕ್ಷರ ಸಾಕೆಂದು ತೀರ್ಮಾನಿಸುವುದು ಸೋಲಲ್ಲ.

ಮೊದಲೆಲ್ಲ ನಾನು ಹೇಳದೆ ಬಿಟ್ಟ ಮಾತನ್ನು ಅಂದು ಗುಂಪಿನಲ್ಲಿ ಬರೆದೆ. ಚೀನಾದಿಂದ ಬರುವ ಸ್ವಯಂಚಾಲಿತ ಯಂತ್ರಗಳನ್ನು ಜೋಡಿಸಿಕೊಡಲು ಬಂದ ತಂತ್ರಜ್ಞರಿಗೂ ನೂಲು ಬಿಚ್ಚುವ ರಾಮನಗರದ ರೀಲರ್‌ಗಳಿಗೂ ನಡುವೆ ನಿಂತು, ಗೂಡು ಬೇಯಿಸುವ ನೀರಿನ ಬಿಸಿಯಿಂದ ಹಿಡಿದು ಎಳೆಯ ದಪ್ಪದ ಅಳತೆಯಾದ ಡೆನಿಯರ್‌ವರೆಗೆ ಎಲ್ಲವನ್ನೂ ಎರಡೂ ಕಡೆಗೆ ದಾಟಿಸುತ್ತಿದ್ದ ದಿನಗಳಲ್ಲಿ ನನ್ನ ನಾಲಿಗೆಗೆ ಯೋಚನೆಯೇ ಬೇಕಿರಲಿಲ್ಲ. ಸ್ಸ್ ಎಂಬ ಒಂದೇ ಧ್ವನಿಯನ್ನು ಎತ್ತರದಲ್ಲಿ ಸಮವಾಗಿ ಹಿಡಿದರೆ ರೇಷ್ಮೆ, ತಗ್ಗಿಸಿ ಎತ್ತಿದರೆ ಸಾವು, ಮೇಲಿನಿಂದ ಥಟ್ಟನೆ ಇಳಿಸಿದರೆ ನಾಲ್ಕು, ಒಮ್ಮೆಯೂ ತಪ್ಪಿರಲಿಲ್ಲ. 2020ರಲ್ಲಿ ವಿಮಾನಗಳು ನಿಂತವು, ಎರಡು ದೇಶಗಳ ನಡುವೆ ನೇರ ವಿಮಾನ ಮತ್ತೆ ಹಾರಿದ್ದು 2025ರ ಅಕ್ಟೋಬರಿನಲ್ಲಿ. ಅದೇ 2020ರ ಜೂನ್‌ನಲ್ಲಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟರು. ಆ ವಾರ ಇದೇ ಗುಂಪಿನಲ್ಲಿ ಚಿಕ್ಕಪ್ಪ ನನಗೆ, "ಆ ಪುಸ್ತಕಗಳನ್ನು ಮನೆಯಿಂದ ಆಚೆ ಹಾಕು" ಎಂದು ಬರೆದಿದ್ದರು. ಅವರ ಸಂಕಟ ನನಗೆ ಅರ್ಥವಾಗಿತ್ತು. ಆದರೂ ಆ ದಿನದಿಂದ ನಾನು ಮನೆಯಲ್ಲಿ ಗಟ್ಟಿಯಾಗಿ ಓದುವುದನ್ನು ಬಿಟ್ಟೆ. ಪುಸ್ತಕಗಳು ಅಟ್ಟ ಸೇರಿದವು.

ನಾಲ್ಕು ವರ್ಷದ ಮೇಲೆ, 2024ರಲ್ಲಿ, ಹಳೆಯ ತಂತ್ರಜ್ಞರೊಬ್ಬರು ವಿಡಿಯೋ ಕರೆಗೆ ಬಂದರು. ನಮ್ಮ ರೀಲರ್ ಇನ್ನೂ ಎರಡು ಯಂತ್ರಗಳನ್ನು ಕೊಳ್ಳುತ್ತಾರೆಂದು ನಾನು ಹೇಳಬೇಕಿತ್ತು. ಕೊಳ್ಳುವುದೂ ಮಾರುವುದೂ ಅವರಲ್ಲಿ ಮೈ ಎಂಬ ಒಂದೇ ಉಚ್ಚಾರಣೆ, ಬೇರೆಯಾಗುವುದು ಸ್ವರದ ಏರಿಳಿತದಲ್ಲಿ. ನಾನು ಮಾರುತ್ತಾರೆ ಎಂದೆ. ಅವರು ಗಾಬರಿಯಾಗಿ, ಕಾರ್ಖಾನೆ ಮುಚ್ಚುತ್ತಿದ್ದೀರಾ ಎಂದು ಕೇಳಿದರು. ಅವರ ಪ್ರಶ್ನೆಯ ಪ್ರತಿಯೊಂದು ಪದವೂ ನನಗೆ ತಿಳಿಯಿತು, ಉತ್ತರದ ಒಂದು ಪದವೂ ಬಾಯಿಗೆ ಬರಲಿಲ್ಲ. ಅಂದರೆ ಭಾಷೆ ಒಳಗಿತ್ತು, ಅದು ಹೊರಗೆ ಬರುವ ದಾರಿ ಮುಚ್ಚಿತ್ತು. ತಿಂಗಳುಗಳ ಲೆಕ್ಕದಿಂದಲ್ಲ, ಮನೆಯಲ್ಲಿ ಗಟ್ಟಿಯಾಗಿ ಆಡಲು ಅದಕ್ಕೊಂದು ಜಾಗವಿಲ್ಲದ್ದರಿಂದ ಹಾಗಾಯಿತು ಎಂದು ಬರೆದು ಕಳುಹಿಸಿದೆ. ಚಿಕ್ಕಪ್ಪ ಓದಿದರೆಂಬುದಕ್ಕೆ ನೀಲಿ ಗುರುತು ಬಂದಿತು, ಉತ್ತರ ಬರಲಿಲ್ಲ.

ಮಧ್ಯಾಹ್ನ ಭಾವ ಇನ್ನೊಂದನ್ನು ಹುಡುಕಿ ತಂದರು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ ಮರೆವನ್ನು ಅಳೆದ ಜರ್ಮನ್ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲಿಯೇ, ಮರೆವು ಮೊದಲು ವೇಗವಾಗಿ ಇಳಿದು ಆಮೇಲೆ ನಿಧಾನವಾಗುತ್ತದೆಂದು ತೋರಿಸಿದ್ದರು. ಶಾಲೆಯಲ್ಲಿ ಸ್ಪ್ಯಾನಿಷ್ ಕಲಿತವರನ್ನು ಪರೀಕ್ಷಿಸಿದ ಹ್ಯಾರಿ ಬ್ಯಾರಿಕ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಮೂರರಿಂದ ಆರು ವರ್ಷ ಕುಸಿದ ನೆನಪು ಆಮೇಲೆ ಹಲವು ದಶಕ ಹೆಚ್ಚುಕಡಿಮೆ ಹಾಗೆಯೇ ನಿಂತಿತ್ತು. ಹೆಚ್ಚು ಆಳವಾಗಿ ಕಲಿತವರಲ್ಲಿ ಹೆಚ್ಚು ಉಳಿದಿತ್ತು. ಆರು ತಿಂಗಳಿಗೆ ಒಂದಕ್ಷರವೂ ಉಳಿಯುವುದಿಲ್ಲವೆಂಬ ಮಾತು ಅಲ್ಲಿಗೆ ಬಿದ್ದುಹೋಯಿತು. ಗುಂಪು ಮಾತ್ರ ಆ ಹೊತ್ತಿಗೆ ತೋಟವನ್ನು ಯಾರಿಗೆ ಮಾರಿದ್ದು, ಕಡಿಮೆ ಬೆಲೆಗೆ ಮಾರಿದ್ದೇಕೆ ಎಂಬಲ್ಲಿತ್ತು.

ಭಾನುವಾರ ಬೆಳಿಗ್ಗೆ ದೊಡ್ಡಪ್ಪ ಬರೆದರು. "ಹ್ಯೂಯೆನ್ ತ್ಸಾಂಗ್ ನಳಂದದಲ್ಲಿ ಸಂಸ್ಕೃತ ಗ್ರಂಥಗಳನ್ನು ಓದಿ, ಇಮ್ಮಡಿ ಪುಲಕೇಶಿಯ ನಾಡನ್ನೂ ಕಂಡು, 645ರಲ್ಲಿ ಸ್ವದೇಶಕ್ಕೆ ಮರಳಿದ. ಅಲ್ಲಿ ಅವನ ಸಂಸ್ಕೃತ ಹೇಗೆ ಉಳಿಯಿತೆಂದು ರಾತ್ರಿ ಯೋಚಿಸಿದೆ. 664ರಲ್ಲಿ ಸಾಯುವವರೆಗೆ, ಹತ್ತೊಂಬತ್ತು ವರ್ಷ, ಅವನು ಅನುವಾದ ಮಾಡುತ್ತಲೇ ಇದ್ದ. ಮಗು ತರಗತಿಗೆ ಸೇರಲಿ. ಆದರೆ ನೀವಿಬ್ಬರೂ ಅವಳ ಜೊತೆ ಮಾತನಾಡುವ ಹೊಣೆ ಹೊತ್ತುಕೊಳ್ಳಬೇಕು."

ಅಂದು ಸಂಜೆಯೇ ನಾವು ಮೂವರೂ ಕರೆ ಮಾಡಿಕೊಂಡೆವು. ಹುಡುಗಿ ಕೇಳಿಸಿಕೊಳ್ಳುತ್ತಿದ್ದಳು, ತಮ್ಮನೂ ನಾನೂ ಚೀನೀ ಭಾಷೆಯಲ್ಲಿ ತಡವರಿಸುತ್ತ ಹನ್ನೊಂದು ನಿಮಿಷ ಮಾತನಾಡಿದೆವು. ರೇಷ್ಮೆಗೂಡಿಗೆ ಏನೆನ್ನುತ್ತಾರೆಂದು ಅವಳು ಕೇಳಿದಳು. ಸಾವಿರಾರು ಸಲ ಆಡಿದ ಆ ಪದ ನನಗೆ ನೆನಪಾಗಲಿಲ್ಲ. ರಾತ್ರಿ ಅಕ್ಕಿ ತೊಳೆಯುವಾಗ ಅದು ತಾನಾಗಿ ಬಂದಿತು. ಕೈ ಒರೆಸಿಕೊಂಡು, ಚಿಯೆನ್ ಎಂದು ಸ್ವರವನ್ನು ತಗ್ಗಿಸಿ ಹೇಳಿ, ಧ್ವನಿಯನ್ನು ಕುಟುಂಬದ ಗುಂಪಿಗೇ ಕಳುಹಿಸಿದೆ.

ಎರಡು ನಿಮಿಷದಲ್ಲಿ ದೊಡ್ಡಪ್ಪನ ಪ್ರಶ್ನೆ ಬಂದಿತು: "ಇಲ್ಲಿಯ ಚಕಾರ ಅಲ್ಪಪ್ರಾಣವೋ, ಮಹಾಪ್ರಾಣವೋ?"

"ಅಲ್ಪಪ್ರಾಣ, ದೊಡ್ಡಪ್ಪ. ಅದೇ ಸ್ವರದಲ್ಲಿ ಮಹಾಪ್ರಾಣವಾಗಿ ಛಿಯೆನ್ ಎಂದರೆ ಆಳವಿಲ್ಲದ್ದು ಎಂದಾಗುತ್ತದೆ" ಎಂದು ಬರೆದೆ.