ಸಹಾಯ ಬೇಕು: ತಮ್ಮನ ಡಿಪ್ರೆಶನ್ ಮಾತ್ರೆ ಮತ್ತು ಕುಡಿತ

ನಾವು ವಿರಾಜಪೇಟೆ ಕಡೆಯವರು. ತಮ್ಮ ಡಿಪ್ರೆಶನ್‌ಗೆ ಎಸ್ಸಿಟಾಲೋಪ್ರಾಮ್ ತಗೊಳ್ಳುತ್ತಿದ್ದಾನೆ, ಈಗ ಪರವಾಗಿಲ್ಲ, ತೋಟಕ್ಕೂ ಹೋಗುತ್ತಾನೆ. ಡಾಕ್ಟರ್ ಕುಡಿಯಬೇಡ ಎಂದಿದ್ದಾರೆ. ಆದರೆ ನಮ್ಮಲ್ಲಿ ಮದುವೆ, ಹುತ್ತರಿ ಅಂದರೆ ಗ್ಲಾಸು ಕೈಗೆ ಬಂದೇ ಬರುತ್ತದೆ ಅಲ್ವಾ, ಬೇಡ ಅಂದರೂ ನೆಂಟರು ಬಿಡುವುದಿಲ್ಲ. ಕುಡಿಯುವ ದಿನ ಅವನು ಮಾತ್ರೆಯನ್ನು ಸ್ಟ್ರಿಪ್‌ನಲ್ಲೇ ಬಿಟ್ಟುಬಿಡುತ್ತಾನೆ, "ಎರಡೂ ಒಟ್ಟಿಗೆ ಸೇರದಿದ್ದರೆ ಆಯ್ತಲ್ಲ" ಎನ್ನುತ್ತಾನೆ. ಒಂದು ದಿನ ಬಿಟ್ಟ ಮಾತ್ರಕ್ಕೆ ಔಷಧಿ ಮೈಯಿಂದ ಹೋಗುವುದಿಲ್ಲ, ಕುಡಿದರೆ ಮಂಪರು ಜಾಸ್ತಿ, ಮೇಲಿಂದ ರಾತ್ರಿ ಈ ತಿರುವಿನ ರಸ್ತೆಯಲ್ಲಿ ಬೈಕ್ ಬೇರೆ ಎಂದು ಸಮಾಧಾನದಲ್ಲಿ ಹೇಳಿದೆ, ಬೈದೂ ನೋಡಿದೆ. ಬೆಳೆದ ಹುಡುಗ, ಕುಡಿತ ಬಿಡುವುದು ಅವನದೇ ಜವಾಬ್ದಾರಿ, ಒಪ್ಪುತ್ತೇನೆ. ಹಾಗಂತ ನಾನು ಸುಮ್ನೆ ಕೂರುವುದಾ?

ಅವನಿಗೆ ತಿಳಿಸದೆ ನಾನೇ ಡಾಕ್ಟರಿಗೆ ಇದನ್ನು ಹೇಳಬಹುದಾ? ಇಲ್ಲಾ, ಅವನೇ ಬಾಯಿಬಿಟ್ಟು ಹೇಳುವ ಹಾಗೆ ಮಾಡಿದವರು ಇದ್ದರೆ, ಹೇಗೆ ಮಾಡಿದಿರಿ?