ಅಪ್‌ಡೇಟ್: ತಮ್ಮನ ಬಾಯಿಯ ಬಿಳಿ ಕಲೆ, ಬಯಾಪ್ಸಿ ಆಯಿತು

ಮೂರು ವಾರದ ಹಿಂದೆ ಕೇಳಿದ್ದೆ: ತಮ್ಮನಿಗೆ ಅಸ್ಥಿಮಜ್ಜೆ ಕಸಿ ಆಗಿ 9 ವರ್ಷ, ಈಗ ಕೆನ್ನೆಯ ಒಳಗೆ ಬಿಳಿ ಕಲೆ, ಏನು ಮಾಡೋದು ಅಂತ.

ಇಲ್ಲಿ ಕೆಲವರು ಹೇಳಿದ ಜೇನುತುಪ್ಪ, ಬಿ-ಕಾಂಪ್ಲೆಕ್ಸ್ ಮಾತ್ರೆ ಎರಡರಿಂದಲೂ ಏನೂ ಆಗಲಿಲ್ಲ. "ಕಾಯಬೇಡಿ, ಬಯಾಪ್ಸಿ (ಕಲೆಯ ಚೂರು ತೆಗೆದು ಪರೀಕ್ಷೆ) ಮಾಡಿಸಿ" ಎಂದವರ ಮಾತೇ ಸರಿಯಾಯಿತು. ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಶಿರಸಿಯಿಂದ ಹುಬ್ಬಳ್ಳಿಗೆ ಹೋಗಿ ಮಾಡಿಸಿದೆವು. ಕ್ಯಾನ್ಸರ್ ಅಲ್ಲ! ಆದರೆ ಜೀವಕೋಶಗಳು ಬದಲಾಗಲು ಶುರುವಾಗಿದ್ದವು. ಅಷ್ಟು ಭಾಗ ತೆಗೆದರು.

ಬೇರೆಯವರ ಮಜ್ಜೆ ಪಡೆದವರಿಗೆ ಹೊಸದಾಗಿ ಗಡ್ಡೆಯ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಎರಡು-ಮೂರು ಪಟ್ಟು ಜಾಸ್ತಿಯಂತೆ. ವರ್ಷ ಕಳೆದಂತೆ ಏರುತ್ತಲೇ ಹೋಗುತ್ತದೆ. ಕಸಿಗೆ ಮುಂಚೆ ಮೈಗೆಲ್ಲ ರೇಡಿಯೇಷನ್ ಕೊಟ್ಟಿದ್ದರೆ ಥೈರಾಯ್ಡ್, ಚರ್ಮ ನೋಡಿಸುತ್ತಿರಬೇಕು. ದಾನಿಯ ಕೋಶಗಳು ನಮ್ಮ ಮೈ ಮೇಲೇ ತಿರುಗಿಬೀಳುವ ಜಿವಿಎಚ್‌ಡಿ ಬಹುಕಾಲ ಇದ್ದವರಿಗೆ ಬಾಯಿಯ ಅಪಾಯ ಹೆಚ್ಚು. ತಮ್ಮನಿಗೆ ಅದಿತ್ತು. ಅದರ ಮೇಲೆ ಕವಳ (ಎಲೆ-ಅಡಿಕೆ) ಬೇರೆ! ನಮ್ಮದು ಅಡಿಕೆ ತೋಟದ ಮನೆ, ಊಟ ಆದ ಕೂಡಲೇ ಕವಳದ ತಟ್ಟೆ ಮುಂದೆ ಬರುತ್ತದೆ. ತಂಬಾಕು ಇಲ್ಲದಿದ್ದರೂ ಅಡಿಕೆಯೊಂದೇ ಬಾಯಿ ಕ್ಯಾನ್ಸರ್ ತರಬಲ್ಲದು ಎಂದು ಡಾಕ್ಟರು ಹೇಳಿದಾಗ ಅಪ್ಪ ಏನೂ ಮಾತಾಡಲಿಲ್ಲ. ಮನೆಗೆ ಬಂದವರೇ ತಟ್ಟೆಯನ್ನು ಅಟ್ಟಕ್ಕೆ ಹಾಕಿದರು.

ಇನ್ನು ಆರು ತಿಂಗಳಿಗೊಮ್ಮೆ ಬಾಯಿ ತಪಾಸಣೆ. ಮುಂದಿನದು ಜನವರಿಯಲ್ಲಿ.