ತೋಟದ ನಾಲ್ಕು ವಾಲ್ವಿಗೆ ಕರೆಂಟು ಹೇಗೆ ಕೊಟ್ಟಿರಿ? ಅನುಭವ ಇದ್ದವರು ಹೇಳಿ

ಪೆರ್ಲದ ತೋಟದವ:
ಎರಡೂವರೆ ಎಕರೆ ಅಡಕೆ ತೋಟ, ಗುಡ್ಡೆಯ ಓರೆಯಲ್ಲಿ ನಾಲ್ಕು ಭಾಗ. ಒಂದೊಂದಕ್ಕೂ 24 ವೋಲ್ಟಿನ ಸೊಲೆನಾಯ್ಡ್ ವಾಲ್ವ್, ಕರೆಂಟು ಕೊಟ್ಟರೆ ತೆರೆಯುವಂಥದ್ದು. ಪಂಪ್ ಶೆಡ್ಡಿನಲ್ಲಿ ವೈಫೈ ಕಂಟ್ರೋಲರ್, ಅದರ ಜೊತೆಗೇ ಬಂದ 1 ಆಂಪಿಯರ್ ಟ್ರಾನ್ಸ್‌ಫಾರ್ಮರ್. ಹತ್ತಿರದ ಮೂರು ವಾಲ್ವಿಗೆ ತೊಂದರೆ ಇಲ್ಲ. 220 ಮೀಟರ್ ದೂರದ್ದು ಮಾತ್ರ ಬೆಳಿಗ್ಗೆ ತೆರೆಯುತ್ತದೆ, ಸಂಜೆ ಬರೀ ಗುಂಯ್ ಅನ್ನುತ್ತದೆ. ಟ್ರಾನ್ಸ್‌ಫಾರ್ಮರ್ ದೊಡ್ಡದು ಹಾಕಲಾ, ವಯರು ಬದಲಿಸಲಾ, ಬ್ಯಾಟರಿ ವಾಲ್ವಿಗೆ ಹೋಗಲಾ?

ಮುಳ್ಳೇರಿಯಾದವ:
ವಯರು. ಬೇರೆ ಮಾತೇ ಇಲ್ಲ. ನಾನು ಮೊದಲ ಸಲ ಜುಗ್ಗತನ ಮಾಡಿ 0.5 ಚದರ ಮಿಲಿಮೀಟರಿಂದು ಎಳೆಸಿದೆ, 300 ಮೀಟರ್. ಅಗೆತಕ್ಕೆ ಇಬ್ಬರು ಎರಡು ದಿನ, ಒಬ್ಬರಿಗೆ ದಿನಕ್ಕೆ 900, ಊಟ ಚಾ ಬೇರೆ. ಮುರಕಲ್ಲು ಸಿಕ್ಕಿ ಮೂರನೇ ದಿನವೂ ಬಂದರು. ಎಲ್ಲ ಮುಚ್ಚಿ ಮಣ್ಣು ಮೆಟ್ಟಿ ಸ್ವಿಚ್ ಹಾಕಿದರೆ ವಾಲ್ವ್ ಅಲ್ಲಾಡಲಿಲ್ಲ. ಆಮೇಲೆ ಲೆಕ್ಕ ಹಾಕಿದೆ. ಆ ಸಪೂರ ವಯರು ಕರೆಂಟನ್ನು ತಡೆಯುವುದು ಕಿಲೋಮೀಟರಿಗೆ 37 ಓಮ್ ಹತ್ತಿರ. ನಿಮ್ಮ 220 ಮೀಟರ್ ಅಂದ್ರೆ ಹೋಗಿ ಬರುವಾಗ 440, ಅಲ್ಲಿಗೆ 16 ಓಮ್. ವಾಲ್ವ್ ಎದ್ದೇಳುವ ಕ್ಷಣಕ್ಕೆ 0.4 ಆಂಪಿಯರ್ ಎಳೆದರೆ ಆರೂವರೆ ವೋಲ್ಟ್ ದಾರಿಯಲ್ಲೇ ಹೋಯ್ತು. 1.5ರದ್ದಾದರೆ ಎರಡು ವೋಲ್ಟು. ಪುನಃ ಅಗೆಸಿದೆ, ಪುನಃ 900. ಹೆಂಡತಿ ಇವತ್ತಿಗೂ ಅದನ್ನು ಚಿನ್ನದ ವಯರು ಅಂತಲೇ ಹೇಳುವುದು. ಆದರೆ ಆಮೇಲೆ ನಾಲ್ಕು ಬೇಸಿಗೆ ಒಂದು ತಕರಾರು ಇಲ್ಲ.

ಅಡೂರಿನವ:
ಚಿನ್ನದ ವಯರು ಹಾಕಿ, ಸಿಡಿಲಿಗೆ ಚೆನ್ನಾಗಿ ದಾರಿ ಆಗ್ತದೆ. ನಾನೂ 1.5ರದ್ದೇ ಹಾಕಿದವ. ಏಪ್ರಿಲ್ ಕೊನೆ, ಸಂಜೆ ಐದೂವರೆ, ಮಳೆ ಒಂದು ಹನಿ ಇಲ್ಲ, ಆಚೆ ಗುಡ್ಡೆಗೆ ಒಂದು ಬಿತ್ತು. ಕಂಟ್ರೋಲರ್ 11,500, ಟ್ರಾನ್ಸ್‌ಫಾರ್ಮರ್ 1,200, ರೌಟರ್ 1,800, ಐದು ವಾಲ್ವಿನಲ್ಲಿ ಮೂರರ ಕಾಯಿಲ್, ಅಂದ್ರೆ ಒಳಗಿನ ತಂತಿ ಸುರುಳಿ, ಎಲ್ಲ ಹೋಯ್ತು. ಕಾಯಿಲ್ ಮಾತ್ರ ಸಿಗುವುದಿಲ್ಲ, ಇಡೀ ವಾಲ್ವೇ ತೆಗೊಳ್ಳಿ ಅಂದರು ಅಂಗಡಿಯವರು. ಈಗ ಎಲ್ಲವೂ ಬ್ಯಾಟರಿಯದ್ದು. ಅದು ಬೇರೆ ಜಾತಿಯ ವಾಲ್ವ್, ತೆರೆಯಲಿಕ್ಕೊಂದು ಸಣ್ಣ ಪೆಟ್ಟು, ಮುಚ್ಚಲಿಕ್ಕೊಂದು, ನಡುವೆ ಕರೆಂಟೇ ಬೇಡ. ಡಿಸೆಂಬರಿನಲ್ಲಿ 9 ವೋಲ್ಟಿನ ಬ್ಯಾಟರಿ ಹಾಕಿದರೆ ಮಳೆಗಾಲದವರೆಗೆ ನೋಡುವುದೇ ಬೇಡ.

ಮುಳ್ಳೇರಿಯಾದವ:
ಏಪ್ರಿಲಿನಲ್ಲಿ ಮಧ್ಯಾಹ್ನ ಮೋಡ ಕಟ್ಟಿದರೆ ಪ್ಲಗ್ ಕೀಳಬೇಕು ಅಂತ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನೀವು ಕೀಳದೆ ವಯರಿಗೆ ಬೈದರೆ?

ಅಡೂರಿನವ:
ಪ್ಲಗ್ ಕಿತ್ತೇ ಇತ್ತು ಮಾರಾಯ್ರೆ! ಬಂದದ್ದು ತೋಟದ ಕಡೆಯಿಂದ, ಮಣ್ಣಿನೊಳಗಿನ ವಯರಿನಲ್ಲಿ. ಓದಿ ಮಾತಾಡಿ.

ಮುಳ್ಳೇರಿಯಾದವ:
ಕಂಟ್ರೋಲರಿಂದ ತೋಟದ ವಯರೂ ಬಿಚ್ಚಬೇಕು. ಅದಕ್ಕೇ ನಾನು ಕನೆಕ್ಟರ್ ಇಟ್ಟದ್ದು, 60 ರೂಪಾಯಿ. ಮತ್ತೆ ರೌಟರ್ ಹೋದದ್ದನ್ನೂ ಆ ವಯರಿನ ತಲೆಗೆ ಕಟ್ಟಬೇಡಿ.

ಸೀತಾಂಗೋಳಿಯವ:
ನಡುವೆ ಬಾಯಿ ಹಾಕುವುದು ಯಾಕಂದ್ರೆ ಇದು ಯಾರೂ ಹೇಳಲಿಲ್ಲ. ಈ ವಾಲ್ವಿಗೆ 24 ವೋಲ್ಟ್ ಅಂದ್ರೆ ಎಸಿ, ಡಿಸಿ ಅಲ್ಲ! ನನ್ನ ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಅಂಗಡಿಯವ ಎಲ್‌ಇಡಿ ಪಟ್ಟಿಯ ಡಿಸಿ ಅಡಾಪ್ಟರ್ ಕೊಟ್ಟ, 24 ಅಂದ್ರೆ 24, ಎರಡೂ ಒಂದೇ ಅಂದ. ಕಂಟ್ರೋಲರ್ ಬಿಟ್ಟು ವಾಲ್ವಿಗೇ ನೇರ ಕೊಟ್ಟು ನೋಡಿದೆ. ತೆರೆಯಿತು. ಖುಷಿಯಾಗಿ ಊಟಕ್ಕೆ ಹೋದೆ. ಬಂದು ನೋಡಿದರೆ ಕಾಯಿಲ್ ಮುಟ್ಟಲಿಕ್ಕಾಗದಷ್ಟು ಬಿಸಿ, ವಾಸನೆ. ಎಸಿಯಲ್ಲಾದರೆ ಕಾಯಿಲ್ ತಾನೇ ಕರೆಂಟನ್ನು ತಡೆಯುತ್ತದೆ. ಡಿಸಿಯಲ್ಲಿ ಇರುವುದು ಬರೀ ತಂತಿಯ ಓಮ್. ನನ್ನದು 30 ಓಮ್, ಅಂದ್ರೆ 0.8 ಆಂಪಿಯರ್, 19 ವ್ಯಾಟ್. ಎರಡು ವಾಲ್ವ್ ಹೋಯ್ತು, 2,600. ಅಂಗಡಿಯವ ಈಗ ನನ್ನನ್ನು ಕಂಡರೆ ಒಳಗೆ ಹೋಗ್ತಾನೆ.

ಕುಂಬಳೆಯವ, ಈಗ ಟೊರೊಂಟೊ:
ನಗು ಬಂತು, ಇಲ್ಲಿ ನಮ್ಮ ಮನೆಯ ಹೀಟಿಂಗಿನದ್ದೂ ಇದೇ ಕಥೆ. ಬಿಸಿನೀರಿನ ಪೈಪು, ಮೂರು ಝೋನ್, ಮೂರು ವಾಲ್ವ್, ಅದೂ 24 ವೋಲ್ಟ್ ಎಸಿ. ಕೋಣೆಯ ಬಿಸಿ ನೋಡಿ ವಾಲ್ವ್ ತೆರೆಸುವುದು ಗೋಡೆಯ ಥರ್ಮೋಸ್ಟಾಟ್. ಹಳೇ ಥರ್ಮೋಸ್ಟಾಟಿಗೆ ಎರಡೇ ವಯರು. ಸ್ಮಾರ್ಟ್ ಥರ್ಮೋಸ್ಟಾಟಿಗೆ ವೈಫೈ ಇದೆಯಲ್ಲ, ಅದಕ್ಕೆ ಸದಾ ಕರೆಂಟು ಬೇಕು, ಅಂದ್ರೆ ಮೂರನೇ ವಯರು, ಇಲ್ಲಿ ಸಿ ವಯರು ಅಂತಾರೆ. ಇಲ್ಲದಿದ್ದರೂ ನಡೀತದೆ ಅಂತ ಡಬ್ಬದ ಮೇಲೆ ಬರೆದಿತ್ತು. ಅದು ಮಾಡುವುದೇನಂದ್ರೆ, ವಾಲ್ವಿನ ಕಾಯಿಲ್ ಮೂಲಕವೇ ಸ್ವಲ್ಪ ಸ್ವಲ್ಪ ಕರೆಂಟು ಕದಿಯುವುದು. ಎರಡು ಝೋನ್ ಸುಧಾರಿಸಿತು. ಮೂರನೆಯದ್ದು ಮಕ್ಕಳ ಕೋಣೆಯದ್ದು, ಹೊರಗೆ ಮೈನಸ್ 18 ಇರುವ ರಾತ್ರಿ ಥರ್ಮೋಸ್ಟಾಟಿನ ಬ್ಯಾಟರಿ ಇಳಿದು ಸತ್ತುಹೋಯ್ತು. ಸಿ ವಯರು ಎಳೆಯಲಿಕ್ಕೆ ಗೋಡೆ ಒಡೆಯಬೇಕು, ಎಲೆಕ್ಟ್ರಿಷಿಯನ್ 400 ಡಾಲರ್ ಕೇಳಿದ. ಕೊನೆಗೆ ಥರ್ಮೋಸ್ಟಾಟಿನ ಪಕ್ಕದ ಪ್ಲಗ್ಗಿಗೇ ಬೇರೆ ಸಣ್ಣ ಟ್ರಾನ್ಸ್‌ಫಾರ್ಮರ್, 25 ಡಾಲರ್. ಗೋಡೆ ಮೇಲೆ ವಯರು ನೇತಾಡ್ತದೆ, ನೇತಾಡಲಿ. ಇನ್ನೊಂದು: ಬಾಯ್ಲರ್ ಹತ್ತಿರದ ಟ್ರಾನ್ಸ್‌ಫಾರ್ಮರ್ 40 ವಿಎ, ಅಂದ್ರೆ ವೋಲ್ಟನ್ನು ಆಂಪಿಯರಿಗೆ ಗುಣಿಸಿದ್ದು. ಒಂದು ವಾಲ್ವ್ 0.32 ಆಂಪಿಯರ್, ಅಂದ್ರೆ ಸುಮಾರು 8 ವಿಎ. ಮೂರು ವಾಲ್ವ್, ಮೇಲೆ ಮೂರು ಥರ್ಮೋಸ್ಟಾಟ್ ಅಂದ್ರೆ ಅದರ ಹತ್ತಿರವೇ ಬಂತು. ಲೆಕ್ಕ ಹಾಕದೆ ಏನೂ ಸೇರಿಸಬೇಡಿ.

ಅಡೂರಿನವ:
ಭಾವ, ಇಲ್ಲಿ ಮಾರ್ಚಿನಲ್ಲಿ ನಾವೇ ಬೇಯುತ್ತಿದ್ದೇವೆ. ಮನೆ ಬಿಸಿ ಮಾಡುವ ವಿಷಯ ಯಾಕೀಗ?

ಕುಂಬಳೆಯವ, ಈಗ ಟೊರೊಂಟೊ:
ವಾಲ್ವಿಗೆ ಒಳಗೆ ಹರಿಯುವ ನೀರು ಬಿಸಿಯೋ ತಣ್ಣಗೋ ಅಂತ ಗೊತ್ತಿಲ್ಲ ಭಾವ, 24 ವೋಲ್ಟ್ ಮಾತ್ರ ಗೊತ್ತು.

ಬಾಯಾರಿನ ಅಜ್ಜ:
ಎಲ್ಲರೂ ಸೇರಿ ಎಷ್ಟು ಸುರಿದಿರಿ ಅಂತ ಕೂಡಿಸಿ ನೋಡಿ. ನಮ್ಮ ಮೇಲಿನ ತೋಟಕ್ಕೆ ಇವತ್ತಿಗೂ ಗುಡ್ಡೆಗೆ ಅಡ್ಡ ಕೊರೆದ ಸುರಂಗದ ನೀರು, ಟಾಂಕಿಗೆ ಬಂದು ತಾನೇ ಇಳಿಯುತ್ತದೆ. ಕರೆಂಟೂ ಬೇಡ, ಬ್ಯಾಟರಿಯೂ ಬೇಡ. ಗೇಟ್ ವಾಲ್ವ್ ಕೈಯಲ್ಲೇ ತಿರುಗಿಸುವುದು. ಅದೇ ನೆಪದಲ್ಲಿ ತೋಟವೂ ನೋಡಿದ ಹಾಗಾಯಿತು.

ಸೀತಾಂಗೋಳಿಯವ:
ಅಜ್ಜ, ನಿಮ್ಮಲ್ಲಿ ಸುರಂಗ ಬತ್ತಲಿಲ್ಲ, ನಿಮ್ಮ ಅದೃಷ್ಟ. ನಮ್ಮದು ಫೆಬ್ರವರಿಗೇ ನೂಲಿನಷ್ಟು. ಟಾಂಕಿ ನೀರಿಗೆ ಸೊಲೆನಾಯ್ಡ್ ಹಾಕುವವರಿಗೂ ಒಂದು ಮಾತು: ಒತ್ತಡ ಸಾಲದಿದ್ದರೆ ಈ ವಾಲ್ವ್ ಸರಿಯಾಗಿ ಮುಚ್ಚುವುದೇ ಇಲ್ಲ. ಹತ್ತು ಮೀಟರ್ ಎತ್ತರಕ್ಕೆ ಹತ್ತಿರ ಹತ್ತಿರ ಒಂದು ಬಾರ್ ಒತ್ತಡ ಸಿಗ್ತದೆ. ನನ್ನ ಟಾಂಕಿ ನಾಲ್ಕು ಮೀಟರ್ ಮೇಲೆ. ಇಡೀ ರಾತ್ರಿ ಸೋರಿ ಟಾಂಕಿ ಖಾಲಿ.

ಬಾಯಾರಿನ ಅಜ್ಜ:
ಗೇಟ್ ವಾಲ್ವಿಗೆ ಆ ರೋಗ ಇಲ್ಲ.

ಮುಳ್ಳೇರಿಯಾದವ:
ಗೇಟ್ ವಾಲ್ವ್ ತಿರುಗಿಸಲಿಕ್ಕೆ ಜನ ಎಲ್ಲಿಂದ ಬರಬೇಕು? ಮಗ ಬೆಂಗಳೂರಲ್ಲಿ, ನನ್ನ ಮೊಣಕಾಲು ಹೀಗೆ. ಬ್ಯಾಟರಿಯವರೂ ಅಷ್ಟೇ. ಐದು ವಾಲ್ವ್ ಅಂದ್ರೆ ಐದು ಪೆಟ್ಟಿಗೆ, ಗುಡ್ಡೆ ಹತ್ತಿ ಒಂದೊಂದಾಗಿ ಟೈಮ್ ಬದಲಿಸಬೇಕು.

ಅಡೂರಿನವ:
ಬ್ಲೂಟೂತ್ ಉಂಟು.

ಮುಳ್ಳೇರಿಯಾದವ:
ಬ್ಲೂಟೂತ್ ಗುಡ್ಡೆ ಹತ್ತುತ್ತದಾ?

ಪೆರ್ಲದ ತೋಟದವ:
ಇವತ್ತು ಸಂಜೆ ಏಳಕ್ಕೆ ಮೀಟರ್ ಹಿಡಿದೆ. 230 ವೋಲ್ಟ್ ಬರಬೇಕಾದಲ್ಲಿ ಪಂಪ್ ಶೆಡ್ಡಿನಲ್ಲಿ 170. ಟ್ರಾನ್ಸ್‌ಫಾರ್ಮರಿಂದ ಹೊರಗೆ 24 ಬದಲು ಹದಿನೆಂಟೂ ಇಲ್ಲ. ನನ್ನ ವಯರೂ 0.5ರದ್ದೇ, ಈಗಷ್ಟೇ ಸಿಪ್ಪೆ ಸುಲಿದು ನೋಡಿದೆ. ಸದ್ಯಕ್ಕೆ ಆ ವಾಲ್ವಿನ ಸಮಯ ಬೆಳಿಗ್ಗೆ ನಾಲ್ಕಕ್ಕೆ ಇಟ್ಟಿದ್ದೇನೆ, ಆಗ 225 ಬರ್ತದೆ. ಯಾರಲ್ಲಾದರೂ 1.5ರ ಕೇಬಲ್ ಉಳಿದಿದ್ದರೆ ಹೇಳಿ.

ಅಡೂರಿನವ:
ನನ್ನಲ್ಲಿ 180 ಮೀಟರ್ ಉಂಟು. ಸಿಡಿಲು ಕುಡಿದದ್ದು. ಅರ್ಧ ಕ್ರಯಕ್ಕೆ ಕೊಡ್ತೇನೆ, ಅಗೆದು ತೆಗೆಯುವ ಕೆಲಸ ನಿಮ್ಮದು.